ಇಟಲಿಯ ಶುಕ್ರವಾರಗಳು

"ಅದು ಕಿಟಕಿಯೇ ಅಲ್ಲ ಮಾರಾಯ," ಎಂದ ಟೆರೆನ್ಸ್.

"ಕಿಟಕಿಯಲ್ಲದೆ ಮತ್ತೆಂತ? ನಿನ್ನ ಅಜ್ಜನ ಪಟವಾ?"

"ಪೇಂಟು! ಗೋಡೆಗೆ ಬಿಡಿಸಿದ್ದು. ಹಲಗೆ, ನೆರಳು ಎಲ್ಲ ಸಮೇತ."

ಅವನ ಕೋಲ್ಡ್ ಸ್ಟೋರಿನ ಐಸ್‌ಕ್ರೀಮ್ ಪೆಟ್ಟಿಗೆಯ ಗಾಜಿನ ಮೇಲೆ ಪೋಸ್ಟ್‌ಕಾರ್ಡ್ ಇಟ್ಟುಕೊಂಡು ನಾವಿಬ್ಬರೂ ಬಗ್ಗಿ ನಿಂತಿದ್ದೆವು. ಕಾರ್ಡಿನಲ್ಲಿ ಇಟಲಿಯ ಕಮೋಲಿ ಎಂಬ ಕಡಲತಡಿಯ ಊರು. ನೀರಿನ ಅಂಚಿಗೇ ಒತ್ತೊತ್ತಾಗಿ ಐದಾರು ಮಹಡಿಯ ಹಳೆಯ ಮನೆಗಳು, ಕೆಂಪು, ಹಳದಿ, ಗುಲಾಬಿ. ಒಂದು ಹಳದಿ ಮನೆಯ ಮೂರನೇ ಮಹಡಿಯ ಕಿಟಕಿಗೆ ನೀಲಿ ಬಾಲ್‌ಪೆನ್ನಿನಲ್ಲಿ ಬಾಣದ ಗುರುತು. ಪಕ್ಕದಲ್ಲಿ ಪಾಸ್ಕಲನ ಕೈಬರಹ: "ಇದೇ ನನ್ನ ಕೋಣೆ."

"ಹಡಗಲ್ಲಿ ಕುಕ್ ಆಗಿದ್ದಾಗ ಆರು ಸಲ ಜಿನೋವಾಕ್ಕೆ ಹೋದವ ನಾನು. ಆ ಕಡೆಯವರಿಗೆ ಇದೊಂದು ಚಾಳಿ ಯಾಕೂಬ್ ಭಾಯ್. ನಾಲ್ಕು ಕಿಟಕಿ ನಿಜದ್ದು, ಎರಡು ಬಣ್ಣದ್ದು. ನೋಡು, ಇದಕ್ಕೆ ಒಗೆದ ಬಟ್ಟೆ ನೇತು ಹಾಕಿದ್ದಾರೆ, ಇದು ನಿಜ. ಬಾಣ ಹಾಕಿದ್ದರ ಕೆಳಗೆ ನೋಡು. ಗೋಡೆ ಒಂದೇ ಸಮ. ದೂರದಿಂದ ನೋಡಿದವನಿಗೆ ಮೋಸ ಆಗ್ತದೆ. ಒಳಗೆ ಮಲಗಿದವನಿಗೆ ಹೇಗೆ ಆಗ್ತದೆ?"

ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ. ತೊಂಬತ್ತಾರನೇ ಇಸವಿಯ ಸೆಪ್ಟೆಂಬರ್ ಹನ್ನೆರಡು, ಗುರುವಾರ. ಮಧ್ಯಾಹ್ನ ಒಂದೂವರೆ. ಮರುದಿನ ಬೆಳಿಗ್ಗೆ ಪಾಸ್ಕಲನ ಹೆಂಡತಿ ಎಡ್ನಾ ಮತ್ತು ಮಗಳು ಕ್ರಿಸ್ಟೀನಾ ದೋಹಾ ಬಿಡುವವರಿದ್ದರು, ಮತ್ತೆ ಬಾರದ ಹಾಗೆ.

ನಾನು ಪತ್ತೇದಾರನಲ್ಲ. ದೋಹಾದ ಬಿನ್ ಮಹಮೂದಿನಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ವೀಸಾದ ಅರ್ಜಿ, ಬಾಡಿಗೆ ಕರಾರು, ಊರಿಗೆ ಹೋಗುವವರಿಗೆ ದೇಶ ಬಿಡಲು ಬೇಕಾದ ಖುರೂಜ್ ಪರವಾನಗಿ, ಎಲ್ಲ ನನ್ನ ಬೆರಳ ಕೆಳಗಿಂದಲೇ ಹೋಗುವುದು. ಕಾಗದ ಓದಿ ಓದಿ ಸುಳ್ಳಿನ ವಾಸನೆ ಹಿಡಿಯುವುದು ಅಭ್ಯಾಸವಾಗಿದೆ. ನನ್ನ ಹೆಂಡತಿ ಸಫಿಯಾ ಇದಕ್ಕೆ ಇಲ್ಲದ ಉಸಾಬರಿ ಎಂದು ಹೆಸರಿಟ್ಟಿದ್ದಾಳೆ.

ಪಾಸ್ಕಲ್ ಮೆಸಯೀದಿನ ಒಂದು ಗುತ್ತಿಗೆ ಕಂಪನಿಯಲ್ಲಿ ಸುರಕ್ಷತೆಯ ಇನ್‌ಸ್ಪೆಕ್ಟರ್. ಜೂನ್ ಹದಿನೆಂಟಕ್ಕೆ ಆರು ತಿಂಗಳ ತರಬೇತಿಗೆಂದು ಇಟಲಿಗೆ ಹೊರಟವನು. ಅವನ ಖುರೂಜನ್ನು ಟೈಪ್ ಮಾಡಿದವನು ನಾನೇ, ಹಾಗಾಗಿ ಹೋದನೆಂದು ನಂಬಿದವರಲ್ಲಿ ನಾನೂ ಒಬ್ಬ. ಟೈಪ್ ಮಾಡಿದ್ದಕ್ಕೂ ಹೋದದ್ದಕ್ಕೂ ವ್ಯತ್ಯಾಸವಿದೆ ಎಂದು ಈ ಹಾಳು ತಲೆಗೆ ಹೊಳೆಯಬೇಕಿತ್ತು.

ಮೂರು ತಿಂಗಳಲ್ಲಿ ನಾಲ್ಕು ಕಾಗದ. ಒಂದಕ್ಕೂ ಅಂಚೆಚೀಟಿ ಇಲ್ಲ, ಮುದ್ರೆ ಇಲ್ಲ. ಯಾರಿಗೂ ಸಂಶಯ ಬರಲಿಲ್ಲ. ಗಲ್ಫಿನಲ್ಲಿ ನಾವೆಲ್ಲ ಹಾಗೆಯೇ ಅಲ್ಲವೇ? ಬರುವವರ ಕೈಯಲ್ಲಿ ಕಾಗದ, ಹೋಗುವವರ ಕೈಯಲ್ಲಿ ಉಪ್ಪಿನಕಾಯಿ. ಅಂಚೆಯನ್ನು ನಂಬುವವರು ಯಾರು? ಇಟಲಿಯಿಂದ ಬಂದ ಕಂಪನಿಯವರು ಕೊಟ್ಟರು ಎನ್ನುತ್ತಾ ಪಾಸ್ಕಲನ ಮೇಲಧಿಕಾರಿ ಬೊನವೆಂಚರ್ ಲಕೋಟೆ ತಂದು ಎಡ್ನಾರ ಕೈಗೆ ಕೊಡುತ್ತಿದ್ದರು.

ನಾಲ್ಕನೆಯದರಲ್ಲಿ ಪಾಸ್ಕಲ್ ತಾನು ಬರುವುದಿಲ್ಲ, ಊರಿಗೆ ಹೋಗು ಎಂದು ಬರೆದಿದ್ದ. ಎಡ್ನಾ ಅದನ್ನು ಕೈಬಿಟ್ಟು ಯಾರಿಗೂ ಕೊಟ್ಟವರಲ್ಲ. ಬಾಯಲ್ಲಿ ಅಷ್ಟನ್ನೇ ಹೇಳಿ, ನಾನು ಒತ್ತಾಯಿಸಿದ್ದಕ್ಕೆ ಮೊದಲ ಮೂರನ್ನು, ಜೊತೆಗೆ ಬಂದ ಪೋಸ್ಟ್‌ಕಾರ್ಡನ್ನು ಮಾತ್ರ ನನಗೆ ಕೊಟ್ಟಿದ್ದರು. ನಾಚಿಕೆಯಿಂದ ಬೊನವೆಂಚರಿಗೂ ಹೇಳದೆ, ಆಫೀಸಿಗೆ ಫೋನ್ ಮಾಡಿ ಊರಿಗೆ ಹೋಗುತ್ತೇನೆ, ಟಿಕೆಟ್ ಮಾಡಿಸಿ ಎಂದಿದ್ದರು. ಈಗ ಸಂಜೆ ಐದಕ್ಕೆ ಕಂಪನಿಯ ಸರಕಾರಿ ಕೆಲಸಗಳನ್ನು ನೋಡುವ ಮಂದೂಬ್ ಬರುತ್ತಾನೆ, ವೀಸಾ ರದ್ದಿನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಆ ಸಹಿ ಬಿದ್ದರೆ ಖಲಾಸ್. ಗಂಡನನ್ನು ಹುಡುಕಲು ಎಡ್ನಾ ಈ ದೇಶಕ್ಕೆ ಮತ್ತೆ ಕಾಲಿಡುವಂತಿಲ್ಲ.

ಅಂಗಡಿಯ ಶಟರ್ ಅರ್ಧ ಎಳೆದು ಮೂರೂ ಕಾಗದಗಳನ್ನು ಮೇಜಿನ ಮೇಲೆ ಹರಡಿದೆ. ಕೊಂಕಣಿ, ಆದರೆ ಕನ್ನಡ ಅಕ್ಷರ. ನಿಧಾನವಾಗಿ ಓದಿದರೆ ನನಗೂ ಅರ್ಥವಾಗುತ್ತದೆ.

ಮೊದಲನೆಯದು ಕಮೋಲಿಯ ಸುದ್ದಿ. "ಇವತ್ತು ರಜೆ. ಬೆಳಿಗ್ಗೆ ಪೂಜೆ ಮುಗಿಸಿ ಹೊರಟೆ. ಮೀನು ಹಿಡಿಯಲು ಹೋದವರು ದೂರದಿಂದಲೇ ತಮ್ಮ ಮನೆ ಗುರುತಿಸಲಿ ಅಂತ ಮನೆಗೊಂದು ಬಣ್ಣವಂತೆ. ಅಲ್ಲಿಂದ ಮೆಟ್ಟಿಲು ಹತ್ತಿ ಸಾನ್ ರೋಕೊ ಎಂಬ ಗುಡ್ಡದ ಹಳ್ಳಿಗೆ ಹೋದೆ. ಮೆಟ್ಟಿಲು ಲೆಕ್ಕ ಮಾಡುತ್ತಾ ಮುನ್ನೂರರ ಹತ್ತಿರ ತಪ್ಪಿತು. ಕ್ರಿಸ್ಟೀನಾ ಜೊತೆಗಿದ್ದರೆ ತಪ್ಪುತ್ತಿರಲಿಲ್ಲ."

ಎರಡನೆಯದರಲ್ಲಿ ಪೋರ್ತೊವೆನೆರೆ. "ಬಂಡೆಯ ತುದಿಯಲ್ಲಿ, ಸಮುದ್ರದ ಬಾಯಲ್ಲೇ ಕಪ್ಪು ಬಿಳಿ ಪಟ್ಟಿಯ ಹಳೇ ಇಗರ್ಜಿ. ರಜೆಯ ದಿನವಾದ್ದರಿಂದ ಕಾಲಿಡಲು ಜಾಗ ಇಲ್ಲ." ಮೂರನೆಯದು ಚೆರ್ವೊ ಎಂಬ ಗುಡ್ಡದ ಹಳ್ಳಿ, ಹವಳ ತೆಗೆಯುವವರು ದುಡ್ಡು ಹಾಕಿ ಕಟ್ಟಿಸಿದ ಇಗರ್ಜಿ. "ವಾರದ ಪೂಜೆಗೆ ಇಡೀ ಹಳ್ಳಿ ಸೇರಿತ್ತು. ಅಂಗಡಿಗಳೆಲ್ಲ ಬಂದ್. ಒಂದು ಬನ್ನು ಸಹ ಸಿಗಲಿಲ್ಲ."

ಚೆಂದದ ಕಾಗದಗಳು. ಓದಿದರೆ ಆ ಊರುಗಳಲ್ಲಿ ಒಂದು ಸುತ್ತು ಹೋಗಿಬಂದ ಹಾಗಾಗುತ್ತದೆ. ಎಡ್ನಾ ಇವನ್ನು ರಾತ್ರಿ ಮಗಳಿಗೆ ಕತೆಯ ಹಾಗೆ ಓದಿ ಹೇಳುತ್ತಿದ್ದರಂತೆ. ನನಗೆ ಸಂಕಟವಾಯಿತು.

ತಾರೀಕು ನೋಡಿದೆ. ಜುಲೈ ಐದು, ಜುಲೈ ಹತ್ತೊಂಬತ್ತು, ಆಗಸ್ಟ್ ಒಂಬತ್ತು. ಕಣ್ಣು ತಾನಾಗಿ ಗೋಡೆಯ ಕ್ಯಾಲೆಂಡರಿಗೆ ಹೋಯಿತು. ಇದು ನನ್ನ ಕಸುಬಿನ ಚಾಳಿ. ಅರ್ಜಿಯ ಮೇಲೆ ಶುಕ್ರವಾರದ ತಾರೀಕು ಬಿದ್ದರೆ ಕೌಂಟರಿನವನು ಮುಖಕ್ಕೆ ಎಸೆಯುತ್ತಾನೆ, ಹಾಗಾಗಿ ತಾರೀಕು ಕಂಡರೆ ವಾರ ನೋಡದೆ ಇರಲಾರೆ.

ಜುಲೈ ಐದು, ಕೆಂಪು. ಜುಲೈ ಹತ್ತೊಂಬತ್ತು, ಕೆಂಪು. ಆಗಸ್ಟ್ ಒಂಬತ್ತು, ಅದೂ ಕೆಂಪು.

ಊರಿನ ಕ್ಯಾಲೆಂಡರಿನಲ್ಲಿ ಭಾನುವಾರ ಕೆಂಪು, ಇಲ್ಲಿಯದರಲ್ಲಿ ಶುಕ್ರವಾರ. ಇಲ್ಲಿ ಕ್ರೈಸ್ತರೂ ವಾರದ ಪೂಜೆಯನ್ನು ಶುಕ್ರವಾರವೇ ಮುಗಿಸುತ್ತಾರೆ, ಯಾರದಾದರೂ ಮನೆಯ ಹಾಲಿನಲ್ಲಿ, ಬಾಗಿಲು ಹಾಕಿಕೊಂಡು. ಭಾನುವಾರ ಅವರಿಗೆ ಆಫೀಸು. ಹದಿನಾಲ್ಕು ವರ್ಷ ಹೀಗೆ ಬದುಕಿದ ಮನುಷ್ಯನಿಗೆ ರಜೆ ಎಂದರೆ ಕೆಂಪು ತಾರೀಕು, ಕೆಂಪು ತಾರೀಕು ಎಂದರೆ ಶುಕ್ರವಾರ. ಇಟಲಿಯವರಿಗೆ ಶುಕ್ರವಾರ ಕೆಲಸದ ದಿನ ಎಂಬುದು ಇಟಲಿಯಲ್ಲಿ ಇದ್ದವನಿಗೆ ಮರೆಯುವುದಿಲ್ಲ. ಇಲ್ಲಿ ಕೂತು ಬರೆದವನಿಗೆ ಮರೆತೇ ಹೋಗುತ್ತದೆ.

ಕೈಬರಹ ಪಾಸ್ಕಲನದೇ. ಆದರೆ ಅವನು ಈ ಕಾಗದಗಳನ್ನು ಬರೆದದ್ದು ಕತಾರಿನಲ್ಲಿ.

ಮೂರೂವರೆಗೆ ಎಡ್ನಾರ ಫ್ಲ್ಯಾಟಿಗೆ ಹೋದಾಗ ಬೊನವೆಂಚರ್ ಅಲ್ಲೇ ಇದ್ದರು. ಹಾಲಿನ ನಡುವೆ ಮೊಣಕಾಲೂರಿ ಕಾರ್ಟನಿಗೆ ನೈಲಾನ್ ಹಗ್ಗ ಬಿಗಿಯುತ್ತಿದ್ದರು. ಎರಡು ಪೆಟ್ಟಿಗೆ ಆಗಲೇ ತಯಾರಾಗಿ, ಮಾರ್ಕರಿನಲ್ಲಿ ದಪ್ಪಗೆ ಎಡ್ನಾರ ಹೆಸರು, ಊರು, ಪಿನ್‌ಕೋಡ್ ಬರೆಸಿಕೊಂಡು ಗೋಡೆಗೆ ಒರಗಿದ್ದವು. ಶಿರ್ವದ ಕಡೆಯ ದೊಡ್ಡ ದೇಹದ ಮನುಷ್ಯ, ಶುಕ್ರವಾರದ ಪೂಜೆಯಲ್ಲಿ ಹಾಡು ಎತ್ತಿಕೊಡುವವರು. ಯಾರ ಮನೆಯ ಕಷ್ಟಕ್ಕೂ ಮೊದಲು ಓಡಿಬರುವವರು. ಅವರನ್ನು ಆ ಭಂಗಿಯಲ್ಲಿ ಕಂಡು ನನಗೆ ಮೈಯೆಲ್ಲ ಉರಿಯಿತು.

ಎಡ್ನಾ ಅಡುಗೆಮನೆಯಲ್ಲಿ ಪಾತ್ರೆಗಳನ್ನು ಹಳೆಯ ಪೇಪರಿನಲ್ಲಿ ಸುತ್ತುತ್ತಿದ್ದರು. ಮಗಳು ಕೆಳಗಿನ ಮನೆಗೆ ಆಡಲು ಹೋಗಿದ್ದಳು. ಒಳ್ಳೆಯದೇ ಆಯಿತು ಎಂದುಕೊಂಡೆ.

"ಬನ್ನಿ ಯಾಕೂಬ್ ಭಾಯ್, ಸ್ವಲ್ಪ ಇದನ್ನು ಹಿಡೀರಿ," ಎಂದು ಬೊನವೆಂಚರ್ ಹಗ್ಗದ ತುದಿ ಚಾಚಿದರು.

ಹಿಡಿದುಕೊಂಡೆ. "ಪರ್ಬುಗಳೇ, ಒಂದು ಕೇಳ್ತೇನೆ. ಇಟಲಿಯಲ್ಲಿ ವಾರದ ರಜೆ ಯಾವತ್ತು?"

"ಎಂತ ಪ್ರಶ್ನೆ ಇದು? ಶನಿವಾರ, ಭಾನುವಾರ. ಹೋದ ವರ್ಷ ನಾನೇ ಹೋಗಿದ್ದೆನಲ್ಲ."

"ಹಾಗಾದ್ರೆ ಪಾಸ್ಕಲ್‌ಗೆ ಮಾತ್ರ ಶುಕ್ರವಾರ ಯಾಕೆ?"

ಅವರ ಕೈ ನಿಂತಿತು. ನಾನು ಹಗ್ಗ ಬಿಟ್ಟು, ಮೂರು ಕಾಗದಗಳನ್ನು ಕಾರ್ಟನ್ ಮೇಲೆ ಒಂದರ ಪಕ್ಕ ಒಂದು ಇಟ್ಟೆ.

"ಮೂರೂ ಶುಕ್ರವಾರ. ಮೂರರಲ್ಲೂ ರಜೆ."

"ಟ್ರೈನಿಂಗಿನವರು ನಮ್ಮ ಹುಡುಗರಿಗೆ ಅಂತ ಶುಕ್ರವಾರ ಬಿಟ್ಟಿರಬಹುದು."

"ಪಾದ್ರಿಯೂ ಬಿಟ್ಟರಾ? ದೋಹಾದಿಂದ ಪಾಸ್ಕಲ್ ಬಂದಿದ್ದಾನೆ ಅಂತ ಆ ಹಳ್ಳಿಯವರು ವಾರದ ಪೂಜೆಯನ್ನೇ ಶುಕ್ರವಾರಕ್ಕೆ ತಂದು, ಅಂಗಡಿಗೆಲ್ಲ ಬೀಗ ಹಾಕಿದರಾ? ಮತ್ತೆ ಇದು ನೋಡಿ, ಅವನ ಕೋಣೆಯ ಕಿಟಕಿ. ಇದು ಗೋಡೆಗೆ ಬಳಿದ ಬಣ್ಣ ಅಂತೆ. ಬಣ್ಣದ ಹಿಂದೆ ಮನುಷ್ಯ ಮಲಗ್ತಾನಾ ಪರ್ಬುಗಳೇ?"

ಅಡುಗೆಮನೆಯ ಸದ್ದು ನಿಂತಿತ್ತು. ಎಡ್ನಾ ಬಾಗಿಲಿಗೆ ಬಂದು ನಿಂತಿದ್ದರು, ಕೈಯಲ್ಲಿ ಅರ್ಧ ಸುತ್ತಿದ ಬೋಗುಣಿ.

"ಬೊನವೆಂಚರಾಬ್," ಎಂದರು ಮೆಲ್ಲಗೆ. "ಇವರು ಎಂತ ಹೇಳ್ತಿದ್ದಾರೆ?"

ಬೊನವೆಂಚರ್ ಹಗ್ಗ ಕೈಬಿಟ್ಟರು. ಕಾರ್ಟನ್ ಮೇಲೆಯೇ ಕೂತುಬಿಟ್ಟರು. ಅಷ್ಟು ದೊಡ್ಡ ಮನುಷ್ಯ ಅಳುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ನನಗೆ ಒಂದಿಷ್ಟೂ ಕನಿಕರ ಬರಲಿಲ್ಲ, ನಿಜ ಹೇಳಬೇಕಲ್ಲ.

"ಅವನು ವಿಮಾನ ಹತ್ತಲೇ ಇಲ್ಲ ಎಡ್ನಾ," ಎಂದರು.

ನಂತರ ಬಂದದ್ದು ತುಂಡು ತುಂಡಾಗಿ. ಜೂನ್ ಹದಿನೇಳರಂದು ಅವರ ಯಾರ್ಡಿನಲ್ಲಿ ಚನಿಯ ಎಂಬ ಕೆಲಸಗಾರ ಟ್ಯಾಂಕ್ ತೊಳೆಯಲು ಒಳಗಿಳಿದು, ಗ್ಯಾಸಿಗೆ ಸತ್ತಿದ್ದ. ಒಳಗಿನ ಗಾಳಿ ಪರೀಕ್ಷಿಸಿದ ಮೇಲೆಯೇ ಇನ್‌ಸ್ಪೆಕ್ಟರ್ ಪರ್ಮಿಟಿಗೆ ಸಹಿ ಹಾಕಬೇಕು. ಆದರೆ ಆ ಯಾರ್ಡಿನಲ್ಲಿ ಗುರುವಾರ ಸಂಜೆಯೇ ಮುಂದಿನ ವಾರದ ಅಷ್ಟೂ ಪರ್ಮಿಟುಗಳಿಗೆ ಒಟ್ಟಿಗೆ ಸಹಿ ಹಾಕಿಡುವುದು ರೂಢಿ. ಕೆಲಸ ನಿಲ್ಲಬಾರದಲ್ಲ! ಹಾಗೆ ಮಾಡು ಎಂದು ಹೇಳಿಕೊಟ್ಟವರು ಬೊನವೆಂಚರ್. ಸಹಿ ಪಾಸ್ಕಲನದು.

"ಕಂಪನಿಯವರು ಆ ಪರ್ಮಿಟನ್ನೇ ಹರಿದು ಹಾಕಿದ್ರು. ಚನಿಯ ಯಾರಿಗೂ ಕೇಳದೆ ಇಳಿದ ಅಂತ ಬರೆದ್ರು. ಮಾರನೇ ದಿನ ಪಾಸ್ಕಲನನ್ನು ಏರ್‌ಪೋರ್ಟಿಗೆ ಕರ್ಕೊಂಡು ಹೋಗ್ತಿದ್ದೆ. ಕಾರಲ್ಲಿ ಹಟ ಹಿಡಿದ. ಪೊಲೀಸ್ ಠಾಣೆಗೆ ಬಿಡಿ, ಸತ್ಯ ಹೇಳ್ತೇನೆ, ಇಲ್ಲದಿದ್ರೆ ಚನಿಯನ ಹೆಂಡತಿಗೆ ಒಂದು ಪೈಸೆ ಸಿಗುದಿಲ್ಲ ಅಂತ. ನಾನು ಕಾರು ಮರಳುಗಾಡಿನ ದುಖಾನ್ ರಸ್ತೆಗೆ ತಿರುಗಿಸಿದೆ."

"ಬಲವಂತವಾಗಿ?" ಎಂದೆ.

"ನೀನು ಜೈಲಿಗೆ ಹೋದ್ರೆ ಎಡ್ನಾಳ, ಮಗುವಿನ ಗತಿ ಎಂತ ಅಂತ ಹೇಳಿ ಒಪ್ಪಿಸಿದೆ. ಅಲ್ಲಿ ನಮ್ಮದೊಂದು ಹಳೇ ಕ್ಯಾಬಿನ್ ಉಂಟು. ಒಂದು ತಿಂಗಳು ಕೂತ್ಕೋ, ಫೈಲ್ ಮುಚ್ಚಿದ ಮೇಲೆ ಇಟಲಿಗೆ ಹೋಗು ಅಂದೆ. ನನ್ನ ಹತ್ರ ಅಲ್ಲಿಯ ಕಾರ್ಡುಗಳಿದ್ದವು. ನೋಡಿದ್ದನ್ನೆಲ್ಲ ನಾನು ಹೇಳಿದೆ, ಅವನು ಬರೆದ. ಬಾಣ ಹಾಕಿದ್ದು ಅವನೇ, ಮಗಳಿಗೆ ಖುಷಿಯಾಗ್ತದೆ ಅಂತ. ಆಫೀಸಿನ ಕ್ಯಾಲೆಂಡರ್ ಎದುರಿಗಿಟ್ಟು ತಾರೀಕು ಹಾಕಿದ. ಎಲ್ಲ ಒಂದೇ ದಿನ ಬರೆದದ್ದು."

ಸಹಿ ಹಾಕಿದ ಹಾಗೆಯೇ ಕಾಗದವನ್ನೂ ಮುಂಗಡ ಬರೆದಿಟ್ಟಿದ್ದ ಪಾಸ್ಕಲ್.

"ಈಗ ಎಲ್ಲಿದ್ದಾನೆ?" ಎಂದೆ.

"ಗೊತ್ತಿಲ್ಲ."

"ಪರ್ಬುಗಳೇ!"

"ದೇವರಾಣೆ ಗೊತ್ತಿಲ್ಲ. ಜುಲೈ ಎರಡಕ್ಕೆ ಊಟ ತಗೊಂಡು ಹೋದೆ. ಬಾಗಿಲು ತೆರೆದಿತ್ತು, ಅವನಿಲ್ಲ. ನೀರಿನ ಕ್ಯಾನೂ ಇಲ್ಲ. ನಾಲ್ಕು ದಿನ ಗಾಡಿಯಲ್ಲಿ ಮರಳೆಲ್ಲ ಸುತ್ತಿದೆ. ಜುಲೈ ತಿಂಗಳ ಬಿಸಿಲು ನಿಮಗೆ ಗೊತ್ತುಂಟಲ್ಲ. ಸತ್ತ ಅಂತಲೇ ತಿಳ್ಕೊಂಡೆ."

ಎಡ್ನಾರ ಕೈಯಿಂದ ಬೋಗುಣಿ ಜಾರಲಿಲ್ಲ. ಅವರು ಅದನ್ನು ನಿಧಾನವಾಗಿ ನೆಲದ ಮೇಲಿಟ್ಟರು.

"ಮೊದಲ ಕಾಗದ ನೀವು ತಂದದ್ದು ಜುಲೈ ಹತ್ತಕ್ಕೆ," ಎಂದರು. "ಸತ್ತಿದ್ದಾರೆ ಅಂತ ತಿಳ್ಕೊಂಡು ತಂದು ಕೊಟ್ರಾ? ನಾನು ನಿಮಗೆ ಚಾ ಮಾಡಿ ಕೊಟ್ಟೆ. ಅವರು ಮೆಟ್ಟಿಲು ಹತ್ತಿದ್ದನ್ನು ಓದಿ ನಾನೂ ಮಗಳೂ ನಗಾಡಿದೆವು. ನೀವೂ ನಗಾಡಿದಿರಿ."



ಸಿಟ್ಟು ನನ್ನ ನೆತ್ತಿಗೇರಿತ್ತು. "ಅಷ್ಟು ಸಾಲದು ಅಂತ ಕೊನೆಗೆ ಆ ನಾಲ್ಕನೆಯದನ್ನೂ ಕೊಟ್ಟಿರಿ. ಗಂಡ ನಿನ್ನನ್ನು ಬಿಟ್ಟ, ಗಂಟುಮೂಟೆ ಕಟ್ಟು ಅಂತ. ಇವರನ್ನು ದೇಶದಿಂದ ದಾಟಿಸಿದರೆ ಕೇಳುವವರು ಮಾಫಿ, ಒಬ್ಬರೂ ಇಲ್ಲ, ಅಲ್ವಾ? ಸತ್ತವನ ಕೈಯಲ್ಲಿ ಇಂಥ ಕಾಗದ ಬರೆಸಿಟ್ಟ ನಿಮಗೆ ಅನ್ನ ಹೇಗೆ ಇಳೀತದೆ?"

ಬೊನವೆಂಚರ್ ನನ್ನ ಮುಖ ನೋಡಿದರು.

"ಯಾವ ನಾಲ್ಕನೆಯದು?"

"ನಾಟಕ ಬೇಡ."

"ನಾನು ಕೊಟ್ಟದ್ದು ಮೂರೇ. ಇನ್ನೆರಡು ನನ್ನ ಕಾರಿನಲ್ಲೇ ಉಂಟು, ಅಕ್ಟೋಬರದ್ದು ಒಂದು, ಕ್ರಿಸ್ಮಸ್ಸಿನದು ಒಂದು. ಇವರೇ ಹೊರಟದ್ದರಿಂದ ಕೊಡಲಿಲ್ಲ. ಬಿಟ್ಟೆ ಅಂತ ಅವನು ಯಾವತ್ತೂ ಬರೆದವನಲ್ಲ!"

ನಾನು ಎಡ್ನಾರ ಕಡೆ ತಿರುಗಿದೆ. "ಬಾಯಮ್ಮ, ಆ ಕಾಗದವನ್ನು ಕೊಟ್ಟದ್ದು ಯಾರು?"

"ಹೋದ ಶುಕ್ರವಾರ ಪೂಜೆ ಮುಗಿಸಿ ಬಂದಾಗ ಬಾಗಿಲ ಅಡಿಯಲ್ಲಿತ್ತು. ಬೊನವೆಂಚರಾಬ್ ಬಂದು ಹಾಕಿ ಹೋಗಿರ್ತಾರೆ ಅಂದ್ಕೊಂಡೆ. ಮತ್ಯಾರು ತರ್ತಾರೆ?"

ಇಷ್ಟು ದಿನದಲ್ಲಿ ಈ ಒಂದು ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ಕೈಗೆ ಬಂದ ಕಾಗದವನ್ನು ತಂದವರು ಯಾರು ಎಂದು ಕೇಳದೆ ಇರುವ ನಮ್ಮ ಗಲ್ಫಿನ ಅಭ್ಯಾಸ ನನ್ನನ್ನೂ ಕುರುಡು ಮಾಡಿತ್ತು. ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

"ಓದಿ ಬಾಯಮ್ಮ. ಪೂರ್ತಿ ಓದಿ."

ಎಡ್ನಾ ಒಳಗೆ ಹೋಗಿ ಪ್ರಾರ್ಥನೆಯ ಪುಸ್ತಕದೊಳಗಿಂದ ಅದನ್ನು ತಂದರು. ಕೊಂಕಣಿಯನ್ನು ಅಲ್ಲಲ್ಲೇ ಕನ್ನಡ ಮಾಡುತ್ತಾ ಓದಿದರು. ತಾರೀಕಿಲ್ಲ, ಊರಿನ ಹೆಸರಿಲ್ಲ.

"ಎಡ್ನಾ, ನಾನು ಬರುವುದಿಲ್ಲ. ಕಾಯಬೇಡ, ಹುಡುಕಬೇಡ. ಮಗಳನ್ನು ಕರೆದುಕೊಂಡು ಊರಿಗೆ ಹೋಗು. ಅವಳ ಕೈಯ ಪ್ಲಾಸ್ಟರಿನ ಒಳಗೆ ತುರಿಸಿದರೆ ಕಡ್ಡಿ ಹಾಕಲು ಬಿಡಬೇಡ, ಗಾಯವಾಗುತ್ತದೆ."

"ಪ್ಲಾಸ್ಟರ್?" ಎಂದರು ಬೊನವೆಂಚರ್.

"ಆಗಸ್ಟ್ ಇಪ್ಪತ್ತೆಂಟಕ್ಕೆ ಮೆಟ್ಟಿಲಿಂದ ಬಿದ್ದು ಕೈ ಮುರ್ಕೊಂಡಳಲ್ಲ. ನೀವು ಫೋನಲ್ಲಿ ಅವರಿಗೆ ಹೇಳಿರ್ತೀರಿ ಅಂತ..." ಎಡ್ನಾರ ಮಾತು ಅಲ್ಲಿಗೇ ನಿಂತಿತು.

ಜುಲೈ ಎರಡಕ್ಕೆ ಮರಳಿನಲ್ಲಿ ಸತ್ತ ಮನುಷ್ಯ ಆಗಸ್ಟ್ ಕೊನೆಯಲ್ಲಿ ಮುರಿದ ಕೈಯನ್ನು ಕಾಣಲಾರ. ಕಡ್ಡಿ ತುರುಕುವುದನ್ನಂತೂ ಬೀದಿಯಲ್ಲಿ ಹತ್ತಿರದಿಂದ ನೋಡಿರಬೇಕು.

"ಬದುಕಿದ್ದಾನೆ!" ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು. "ಇಲ್ಲೇ ಇದ್ದಾನೆ ಬಾಯಮ್ಮ, ದೋಹಾದಲ್ಲೇ! ನಾಳೆ ನೀವು ಹೋಗುವುದು ಬೇಡ. ಎರಡು ದಿನ ಕೊಡಿ, ಹಿಡಿದು ತರ್ತೇನೆ."

ಬೊನವೆಂಚರ್ ಶಿಲುಬೆಯ ಗುರುತು ಹಾಕಿಕೊಂಡು ಬಿಕ್ಕಿದರು. ಎಡ್ನಾರಿಗೆ ಮಾತ್ರ ಅಳುವೂ ಬರಲಿಲ್ಲ, ನಗುವೂ ಬರಲಿಲ್ಲ. ಕಾಗದವನ್ನು ಮತ್ತೊಮ್ಮೆ ತಮಗೆ ತಾವೇ ಓದಿಕೊಂಡರು.

ಕಾಲಿಂಗ್ ಬೆಲ್ ಹೊಡೆಯಿತು. ಮಂದೂಬ್ ಹತ್ತು ನಿಮಿಷ ಮೊದಲೇ ಬಂದಿದ್ದ.

"ತೆಗೀಬೇಡಿ," ಎಂದೆ. "ನಾನು ಮಾತಾಡಿ ಕಳಿಸ್ತೇನೆ."

"ಬೇಡ ಯಾಕೂಬ್ ಭಾಯ್. ಸೈನ್ ಹಾಕ್ತೇನೆ."

"ಎಂತ ಹೇಳ್ತಿದ್ದೀರಿ? ಬದುಕಿರುವ ಗಂಡನನ್ನು ಬಿಟ್ಟು ಹೋಗ್ತೀರಾ?"

"ಆ ಮೂರು ಕಾಗದ ಇವರು ಹೇಳಿ ಬರೆಸಿದ್ದು," ಎಂದರು ಎಡ್ನಾ. "ಅವರಾಗಿ ಬರೆದದ್ದು ಇದೊಂದೇ. ಮಗಳನ್ನು ಅಷ್ಟು ಹತ್ತಿರದಿಂದ ನೋಡಿದ್ದಾರೆ, ಬಾಗಿಲವರೆಗೂ ಬಂದಿದ್ದಾರೆ, ನಾನಿಲ್ಲದ ಹೊತ್ತು ನೋಡಿ ಬಂದಿದ್ದಾರೆ. ಬದುಕಿದ್ದೂ ಬರುವುದಿಲ್ಲ ಅಂತ ಅವರೇ ಬರೆದಿದ್ದಾರೆ. ಸತ್ತಿದ್ದಾರೆ ಅಂತಾಗಿದ್ದರೆ ನಾನು ಅವರನ್ನು ಮಣ್ಣು ಮಾಡದೆ ಈ ದೇಶ ಬಿಡ್ತಿರಲಿಲ್ಲ."

ಅವರು ಸೆರಗಿಗೆ ಕೈ ಒರಸಿಕೊಂಡು ಬಾಗಿಲು ತೆರೆದರು. ಎಲ್ಲಿ ಸಹಿ ಹಾಕಬೇಕು ಎಂದು ಮಂದೂಬನನ್ನು ಕೇಳಿದರು.